ಹೊರದ್ವಾರದ ಆಚೆಗಿನ ಲೆಕ್ಕ: ಪರಿಹಾರ ಸಾಮಗ್ರಿ ವಿತರಣೆಯೊಂದರ ಪ್ರಕರಣ ಅಧ್ಯಯನ

ಪರಿಹಾರ ಸಾಮಗ್ರಿ ವಿತರಣೆಯ ವರದಿಗಳಲ್ಲಿ ಎರಡು ಸಂಖ್ಯೆಗಳಿಗೆ ಮೊದಲ ಸ್ಥಾನ: ಎಷ್ಟು ಟನ್ ಸಾಮಗ್ರಿ ಬಂತು, ಎಷ್ಟು ಕುಟುಂಬಗಳಿಗೆ ಹಂಚಲಾಯಿತು. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಒಂದು ಹಂತದ ಹೊತ್ತಿಗೆ ಈ ಎರಡೂ ಸಂಖ್ಯೆಗಳು ಸಂಪೂರ್ಣವಾಗಿ ತಾಳೆಯಾಗುತ್ತಿದ್ದವು. ಹಾಗಿದ್ದೂ ಹಂಚಿದ ಧಾನ್ಯದ ಗಣನೀಯ ಪಾಲು ಸೇರಬೇಕಾದ ಒಲೆಯನ್ನು ಸೇರಿರಲಿಲ್ಲ. ಕಳವಾಗಲಿ, ವಂಚನೆಯಾಗಲಿ ಇದಕ್ಕೆ ಮುಖ್ಯ ಕಾರಣವಾಗಿರಲಿಲ್ಲ. ಯೋಜನೆ ಎಲ್ಲಿಗೆ ಮುಗಿಯುತ್ತದೆ ಎಂದು ಯೋಜಕರು ಭಾವಿಸಿದ್ದರೋ ಅದರ ಆಚೆಗೆ, ಯಾರೂ ಬರೆದಿಡದ ಒಂದು ಹಂತ ಇತ್ತು ಎಂಬುದೇ ಕಾರಣ. ಸಂಸ್ಥೆ, ಸ್ಥಳ, ವರ್ಷ ಮತ್ತು ವ್ಯಕ್ತಿಗಳ ಗುರುತು ಹತ್ತಿಸಬಹುದಾದ ವಿವರಗಳನ್ನು ಇಲ್ಲಿ ಕೈಬಿಡಲಾಗಿದೆ. ಕುಟುಂಬಗಳ ಸಂಖ್ಯೆಯನ್ನೂ ದುಂಡಾಗಿಸಲಾಗಿದೆ.

ಹಿನ್ನೆಲೆ

ನದಿಯೊಂದು ದಂಡೆ ಮೀರಿ ಹರಿದು ಸುಮಾರು 3,000 ಕುಟುಂಬಗಳು, ಅಂದರೆ ಅಂದಾಜು 15,000 ಜನ, ನೆಲೆ ಕಳೆದುಕೊಂಡಿದ್ದರು. ಹೆಚ್ಚಿನವರು ಎತ್ತರದ ಬಯಲೊಂದರಲ್ಲಿ ತಾರ್ಪಾಲಿನ ಸೂರುಗಳಡಿ ತಂಗಿದ್ದರು. ಕೆಲವರು ಸುತ್ತಲಿನ ಊರುಗಳಲ್ಲಿ ನೆಂಟರ ಮನೆ ಸೇರಿದ್ದರು. ಸೇತುವೆ ಕೊಚ್ಚಿಹೋಗಿದ್ದರಿಂದ ಮೂರನೆಯ ಗುಂಪೊಂದು ನದಿಯ ಆಚೆ ದಡದಲ್ಲೇ ಉಳಿದಿತ್ತು. ಅವರು ಶಿಬಿರಕ್ಕೆ ಬರಬೇಕಾದರೆ ದೋಣಿಯಲ್ಲಿ ದಾಟಿ, ಆಮೇಲೆ ಏಳೆಂಟು ಕಿಲೋಮೀಟರು ನಡೆಯಬೇಕಿತ್ತು. ಆರಂಭದ ದಿನಗಳಲ್ಲಿ ಎಲ್ಲರಿಗೂ ಬೇಯಿಸಿದ ಊಟವನ್ನೇ ಕೊಡಲಾಯಿತು. ಜನರಿಗೆ ಒಲೆ, ಪಾತ್ರೆಗಳ ವ್ಯವಸ್ಥೆಯಾದ ಮೇಲೆ ದಿನಸಿಯನ್ನೇ ಹಂಚುವುದೆಂದು ತೀರ್ಮಾನವಾಯಿತು, ಮತ್ತು ಆ ಹೊಣೆಯನ್ನು ಮಧ್ಯಮ ಗಾತ್ರದ ಒಂದು ನೆರವು ಸಂಸ್ಥೆ ವಹಿಸಿಕೊಂಡಿತು.

ಪಡಿತರದ ಪ್ರಮಾಣ ನಿಗದಿಪಡಿಸುವಲ್ಲಿ ತೊಡಕೇನೂ ಇರಲಿಲ್ಲ. ಮಾನವೀಯ ನೆರವಿನ ಕನಿಷ್ಠ ಮಾನದಂಡಗಳನ್ನು ಹೇಳುವ ಸ್ಫಿಯರ್ ಕೈಪಿಡಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲೊರಿ ಎಂಬ ಲೆಕ್ಕವನ್ನು ಯೋಜನೆಯ ಆರಂಭಬಿಂದುವಾಗಿ ಕೊಡುತ್ತದೆ. ಅದಕ್ಕೆ ಸರಿಹೊಂದುವಂತೆ ತಲಾ 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 50 ಗ್ರಾಂ ಪೌಷ್ಟಿಕ ಮಿಶ್ರಹಿಟ್ಟು, 25 ಗ್ರಾಂ ಎಣ್ಣೆ, 15 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು ಎಂದು ಗೊತ್ತುಮಾಡಲಾಯಿತು. ನೆರವಿನ ಕೆಲಸದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಪ್ರಮಾಣವೇ ಇದು. ಒಟ್ಟು ದಿನಕ್ಕೆ 555 ಗ್ರಾಂ. ಹದಿನೈದು ಸಾವಿರ ಜನರಿಗೆ ತಿಂಗಳಿಗೆ ಸುಮಾರು 250 ಟನ್, ಅಂದರೆ ಹತ್ತು ಟನ್ನಿನ 25 ಲಾರಿ. ಇದರ ಜೊತೆಗೆ ತಲಾ ತಿಂಗಳಿಗೆ 250 ಗ್ರಾಂ ಮೈಸೋಪು, 200 ಗ್ರಾಂ ಬಟ್ಟೆಸೋಪು, ಕುಟುಂಬಕ್ಕೆ ಎರಡು ನೀರಿನ ಕ್ಯಾನು. ಸಾಗಣೆ, ದಾಸ್ತಾನು, ಲಾರಿಗಳ ಸರದಿ, ಗೋದಾಮಿನ ಚೀಲಗಳ ಸಾಲು, ಇವೆಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ ಕಡತವನ್ನು ಈಗ ನೋಡಿದರೂ ಮೆಚ್ಚುಗೆಯಾಗುತ್ತದೆ. ಆ ಕಡತದ ದೋಷ ಒಂದೇ: ಅದನ್ನು ಬರೆದವರು ಗೋದಾಮಿನ ಬಾಗಿಲಲ್ಲಿ ನಿಂತು ಯೋಚಿಸಿದ್ದರು, ಸಾಲಿನ ಕೊನೆಯಲ್ಲಿ ನಿಂತು ಯೋಚಿಸಿರಲಿಲ್ಲ.

ಮೊದಲ ಸುತ್ತು

ಮೂರು ದಿನ, ದಿನಕ್ಕೆ 1,000 ಕುಟುಂಬ, ಒಂದೇ ವಿತರಣಾ ಸ್ಥಳ: ಇದು ಮೂಲ ಯೋಜನೆ. ಹೆಸರು ತಾಳೆ ನೋಡುವುದಕ್ಕೆ ಎರಡು ಮೇಜುಗಳಿದ್ದವು. ಪಟ್ಟಿಯಲ್ಲಿ ಹೆಸರು ಹುಡುಕಿ, ಗುರುತು ಖಚಿತಪಡಿಸಿಕೊಂಡು, ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದಕ್ಕೆ ಒಂದು ಕುಟುಂಬಕ್ಕೆ ಎರಡು ನಿಮಿಷವಾದರೂ ಬೇಕು. ಎಂಟು ಗಂಟೆಯ ಕೆಲಸದಲ್ಲಿ 480 ನಿಮಿಷ. ಒಂದು ಮೇಜಿನಲ್ಲಿ 240 ಕುಟುಂಬ, ಎರಡರಲ್ಲಿ 480. ಅಂದರೆ ಒಬ್ಬನೇ ಒಬ್ಬ ತಕರಾರು ಮಾಡದೆ, ಒಂದು ಹೆಸರೂ ತಪ್ಪಾಗದೆ ಕೆಲಸ ಸಾಗಿದ್ದರೂ ದಿನದ ಗುರಿಯ ಅರ್ಧಕ್ಕೂ ತಲುಪುವಂತಿರಲಿಲ್ಲ. ಲಾರಿ ಇಳಿಸುವುದಕ್ಕೆ ಎಷ್ಟು ಹಮಾಲಿಗಳು ಬೇಕೆಂಬ ಲೆಕ್ಕ ಮೊದಲೇ ಆಗಿತ್ತು. ಮೇಜಿನ ಲೆಕ್ಕ ಮಾತ್ರ ಆಗಿರಲಿಲ್ಲ.

ಪಟ್ಟಿಯದು ಬೇರೆಯೇ ಸಮಸ್ಯೆ. ಶಿಬಿರದ ವಿಭಾಗವಾರು ಸಮಿತಿಗಳು ತರಾತುರಿಯಲ್ಲಿ ಬರೆದುಕೊಟ್ಟ ಆ ಪಟ್ಟಿಯಲ್ಲಿ ಕುಟುಂಬದ ಗಾತ್ರ ನಮೂದಾಗಿರಲಿಲ್ಲ. ಸರಾಸರಿ ಐದು ಜನ ಎಂದು ಹಿಡಿದು ಪ್ರತಿ ಕುಟುಂಬಕ್ಕೂ ಒಂದೇ ಅಳತೆಯ ಪಾಲನ್ನು ಗೊತ್ತುಮಾಡಲಾಗಿತ್ತು. ಈ ಸುದ್ದಿ ಹೊರಬಿದ್ದ ದಿನವೇ ಒಂಬತ್ತು ಜನರಿದ್ದ ಮನೆಗಳು ಮೂರು ಕುಟುಂಬಗಳಾಗಿ ಪಟ್ಟಿ ಸೇರತೊಡಗಿದವು. ಇದನ್ನು ಜನರ ದುರಾಸೆ ಎಂದು ಸಿಬ್ಬಂದಿಯಲ್ಲಿ ಕೆಲವರು ಬರೆದಿಟ್ಟಿದ್ದಾರೆ. ಒಂಬತ್ತು ಬಾಯಿಗೆ ಐವರ ಪಾಲು ಎಂದು ಹೇಳಿದ ಮೇಲೆ ಮನೆಯ ಹಿರಿಯರು ಇನ್ನೇನು ಮಾಡಬಹುದಿತ್ತು ಎಂಬುದನ್ನು ಅವರು ಬರೆದಿಲ್ಲ.

ವಿತರಣೆಯ ದಿನ ಬೆಳಿಗ್ಗೆ ಹೊರಡಬೇಕಿದ್ದ ಲಾರಿಗಳು ಕೆಸರುರಸ್ತೆಯಲ್ಲಿ ಸಿಲುಕಿ ನಡುಹಗಲಿನ ಹೊತ್ತಿಗೆ ಬಂದವು. ಅಷ್ಟರಲ್ಲಿ ಸೂರ್ಯೋದಯಕ್ಕೇ ಬಂದು ಕುಳಿತವರ ಸಾಲು ಸಾಲಾಗಿ ಉಳಿದಿರಲಿಲ್ಲ. ತಡವೇಕೆ ಎಂದು ಹೇಳುವವರು ಯಾರೂ ಇರಲಿಲ್ಲವಾದ್ದರಿಂದ ಆ ಜಾಗವನ್ನು ವದಂತಿ ತುಂಬಿತು: ಬಂದಿರುವುದು ಕೊನೆಯ ಲಾರಿ, ಇಂದು ಸಿಗದವರಿಗೆ ಮುಂದೆ ಸಿಗುವುದಿಲ್ಲ. ಒಳಹೋಗುವುದಕ್ಕೂ ಹೊರಬರುವುದಕ್ಕೂ ಇದ್ದದ್ದು ಒಂದೇ ದಾರಿ. ಚೀಲ ಹೊತ್ತು ಹೊರಬರುತ್ತಿದ್ದವರು ಕಾಯುತ್ತಿದ್ದವರ ನಡುವೆಯೇ ನುಗ್ಗಿ ಬರಬೇಕಾಯಿತು, ಕಾಯುತ್ತಿದ್ದವರ ಕಣ್ಣೆದುರೇ ದಾಸ್ತಾನು ಕರಗುತ್ತಿರುವಂತೆ ಕಾಣತೊಡಗಿತು. ಮಧ್ಯಾಹ್ನ ಎರಡರ ಹೊತ್ತಿಗೆ ಹಗ್ಗದ ಬೇಲಿ ಒಂದು ಕಡೆ ಬಿದ್ದಿತು. ಆ ವೇಳೆಗೆ ಪಾಲು ಪಡೆದಿದ್ದವರು ಹೆಚ್ಚೆಂದರೆ 200 ಕುಟುಂಬ.

ಸ್ಥಳದ ಉಸ್ತುವಾರಿ ವಹಿಸಿದ್ದ ಅಧಿಕಾರಿಯ ಮುಂದೆ ಮೂರು ಸಲಹೆಗಳು ಬಂದವು. ಪೊಲೀಸರನ್ನು ಕರೆಸಿ ಸಾಲನ್ನು ಸರಿಪಡಿಸಿ ಮುಂದುವರಿಯುವುದು ಒಂದು, ತಾಳೆ ನೋಡುವುದನ್ನು ಬಿಟ್ಟು ಲಾರಿಯ ಮೇಲಿಂದಲೇ ಚೀಲಗಳನ್ನು ಕೊಟ್ಟು ಮುಗಿಸುವುದು ಇನ್ನೊಂದು, ನಿಲ್ಲಿಸುವುದು ಮೂರನೆಯದು. ಎರಡನೆಯ ಸಲಹೆಯನ್ನು ಅವರು ತಕ್ಷಣ ತಳ್ಳಿಹಾಕಿದರು. ಲಾರಿಯ ಮೇಲಿಂದ ಕೊಡುವ ಸಾಮಗ್ರಿ ಬಲವಿದ್ದವರ ಕೈಗೆ ಹೋಗುತ್ತದೆ, ಮುದುಕರೂ ಮಕ್ಕಳೊಂದಿಗರೂ ಕಾಲ್ತುಳಿತಕ್ಕೆ ಸಿಲುಕುತ್ತಾರೆ. ಇದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ನಿಲ್ಲಿಸುವುದೂ ಅಪಾಯವೇ ಆಗಿತ್ತು, ಏಕೆಂದರೆ ಹಠಾತ್ತನೆ ಬಾಗಿಲು ಮುಚ್ಚಿದರೆ ಕೊನೆಯ ಲಾರಿಯ ವದಂತಿ ನಿಜವೆಂದೇ ಜನ ತಿಳಿಯುತ್ತಿದ್ದರು. ಆದ್ದರಿಂದ ಅವರು ನಿಲ್ಲಿಸಿದ ಕ್ರಮವೇ ಈ ಪ್ರಕರಣದ ಮೊದಲ ತಿರುವು ಎನ್ನಬೇಕು.

ಬಾಗಿಲು ಮುಚ್ಚುವ ಮೊದಲು ಅಲ್ಲಿದ್ದ ಪ್ರತಿಯೊಂದು ಕುಟುಂಬಕ್ಕೂ ಮೊಹರು ಹಾಕಿದ ಚೀಟಿಯೊಂದನ್ನು ಕೊಡಲಾಯಿತು. ಅದರಲ್ಲಿ ಮುಂದಿನ ವಿತರಣೆಯ ದಿನಾಂಕವಿತ್ತು. ವಯಸ್ಸಾದವರು, ಗರ್ಭಿಣಿಯರು, ಹಸುಗೂಸಿನ ತಾಯಂದಿರು ಇವರನ್ನು ಪಕ್ಕದ ಬದಿಯಿಂದ ಕರೆದು ಅಂದೇ ಪಾಲು ಕೊಟ್ಟು ಕಳಿಸಲಾಯಿತು. ಘೋಷಣೆಯನ್ನು ಧ್ವನಿವರ್ಧಕದಲ್ಲಿ ಮಾಡಿದವರು ಸಂಸ್ಥೆಯವರಲ್ಲ, ಜನರಿಗೆ ಮುಖಪರಿಚಯವಿದ್ದ ಇಬ್ಬರು ಶಿಕ್ಷಕಿಯರು. ಇದೆಲ್ಲಕ್ಕಿಂತ ಹೆಚ್ಚಿನ ಪರಿಣಾಮ ಬೀರಿದ್ದು ಮಾತ್ರ ಅಂದು ಸಂಜೆಯ ಒಂದು ನಿರ್ಧಾರ: ಪ್ರತಿ ವಿಭಾಗದಿಂದ ಇಬ್ಬರಂತೆ ಪ್ರತಿನಿಧಿಗಳನ್ನು ಗೋದಾಮಿಗೆ ಕರೆದೊಯ್ದು ದಾಸ್ತಾನನ್ನು ತೋರಿಸಲಾಯಿತು. ಭದ್ರತೆಯ ಹೊಣೆ ಹೊತ್ತವರು ಇದನ್ನು ಬಲವಾಗಿ ವಿರೋಧಿಸಿದ್ದರು, ಮತ್ತು ಅವರ ವಾದ ನಿರಾಧಾರವೇನೂ ಆಗಿರಲಿಲ್ಲ. ಎಷ್ಟು ಸರಕಿದೆ, ಎಲ್ಲಿದೆ ಎಂಬುದು ಹತ್ತು ಜನಕ್ಕೆ ತಿಳಿದರೆ ಊರಿಗೇ ತಿಳಿದಂತೆ. ಆದರೆ ಊರಿಗೆ ತಿಳಿಯಬೇಕಾಗಿದ್ದುದೂ ಅದೇ. ಚೀಲಗಳ ಸಾಲನ್ನು ಕಣ್ಣಾರೆ ಕಂಡವರು ರಾತ್ರಿ ಶಿಬಿರದಲ್ಲಿ ಹೇಳಿದ ಮಾತಿಗೆ ಬಂದ ತೂಕ ಯಾವ ಪ್ರಕಟಣೆಗೂ ಬರುತ್ತಿರಲಿಲ್ಲ.

ನಡುವಿನ ದಿನಗಳು

ನಿಲ್ಲಿಸಿದ್ದಕ್ಕೆ ಸಂಸ್ಥೆಯ ಒಳಗೆ ಒಮ್ಮತವಿರಲಿಲ್ಲ. ಕೇಂದ್ರ ಕಚೇರಿಗೆ ಪ್ರತಿದಿನ ಕಳಿಸುವ ನಮೂನೆಯಲ್ಲಿ "ಇಂದು ತಲುಪಿದ ಕುಟುಂಬಗಳು" ಎಂಬ ಅಂಕಣವಿತ್ತು, ಮತ್ತು ಸತತವಾಗಿ ಕೆಲವು ದಿನ ಅಲ್ಲಿ ಸೊನ್ನೆ ಬರೆಯಬೇಕಾಯಿತು. ಇಂಥ ಅಂಕಣಕ್ಕೆ ಇರುವ ಒತ್ತಾಯದ ಶಕ್ತಿಯನ್ನು ಹೊರಗಿನವರು ಸುಲಭವಾಗಿ ಅಂದಾಜು ಮಾಡಲಾರರು; ಗುಂಪಿನ ಒತ್ತಡಕ್ಕೆ ಮಣಿಯದ ಅಧಿಕಾರಿಗಳು ಒಂದು ಖಾಲಿ ಚೌಕಕ್ಕೆ ಮಣಿದದ್ದುಂಟು. ಇಲ್ಲಿ ಕ್ಷೇತ್ರದ ತಂಡ ಮಣಿಯಲಿಲ್ಲ. ಆ ಅವಧಿಗೆ ಮತ್ತೆ ಬೇಯಿಸಿದ ಊಟದ ವ್ಯವಸ್ಥೆಯನ್ನು ಮುಂದುವರಿಸಿ, ಪಟ್ಟಿಯನ್ನು ಮೊದಲಿನಿಂದ ಮಾಡತೊಡಗಿತು.

ಹೊಸ ಪಟ್ಟಿಯನ್ನು ಮನೆಮನೆಗೆ, ಅಂದರೆ ಸೂರುಸೂರಿಗೆ ಹೋಗಿ ಬರೆಯಲಾಯಿತು. ಒಂದೇ ಬೆಳಗ್ಗೆ ಎಲ್ಲ ವಿಭಾಗಗಳಲ್ಲಿ ಏಕಕಾಲಕ್ಕೆ ಎಣಿಕೆ ನಡೆದದ್ದರಿಂದ ಒಂದೇ ಮನೆ ಎರಡು ಕಡೆ ದಾಖಲಾಗುವುದು ಕಷ್ಟವಾಯಿತು. ಬರೆದ ಪಟ್ಟಿಯನ್ನು ಆಯಾ ವಿಭಾಗದಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿ ಆಕ್ಷೇಪಣೆಗೆ ಒಂದು ದಿನ ಕೊಡಲಾಯಿತು. ಓದಿಸುವುದರಿಂದ ಹೆಸರುಗಳು ಬಹಿರಂಗವಾಗುತ್ತವೆ, ಯಾರಿಂದಲಾದರೂ ಅಡಗಿ ಬಾಳುತ್ತಿರುವವರಿಗೆ ಇದರಿಂದ ಕೇಡಾಗಬಹುದು ಎಂಬ ಎಚ್ಚರಿಕೆ ತಂಡದ ಒಬ್ಬ ಸದಸ್ಯೆಯಿಂದ ಬಂತು. ಆದ್ದರಿಂದ ತಮ್ಮ ಹೆಸರನ್ನು ಓದಬಾರದು ಎಂದು ಮೊದಲೇ ಗುಟ್ಟಾಗಿ ತಿಳಿಸಿದವರನ್ನು ಪ್ರತ್ಯೇಕ ಹಾಳೆಯಲ್ಲಿ ಇರಿಸಲಾಯಿತು. ಅಂಥವರು ಕೆಲವೇ ಮಂದಿ. ಆದರೆ ಆ ಹಾಳೆ ಇಲ್ಲದಿದ್ದರೆ ಅವರು ಪಟ್ಟಿಯಿಂದಲೇ ಹೊರಗುಳಿಯುತ್ತಿದ್ದರು.

ಪಾಲನ್ನು ಕುಟುಂಬಕ್ಕಲ್ಲದೆ ತಲೆಗೆ ಎಂದು ಬದಲಾಯಿಸಿದ್ದು ಇನ್ನೊಂದು ಮುಖ್ಯ ನಿರ್ಧಾರ. ಮನೆ ಒಡೆದು ಬರೆಸುವುದರಿಂದ ಈಗ ಯಾವ ಲಾಭವೂ ಇಲ್ಲವಾದ್ದರಿಂದ ಒಡೆದಿದ್ದ ಮನೆಗಳು ತಾವಾಗಿಯೇ ಮತ್ತೆ ಕೂಡಿಕೊಂಡವು. ಯಾರನ್ನೂ ತನಿಖೆ ಮಾಡಬೇಕಾಗಿ ಬರಲಿಲ್ಲ. ಪಡಿತರ ಚೀಟಿಯನ್ನು ಮನೆಯ ಹಿರಿಯ ಹೆಂಗಸಿನ ಹೆಸರಿಗೆ ಕೊಡಬೇಕೆಂಬ ಸಲಹೆಯನ್ನು ಹೆಂಗಸರ ಗುಂಪುಗಳ ಮುಂದಿಟ್ಟಾಗ ಒಪ್ಪಿಗೆ ಷರತ್ತಿನೊಂದಿಗೆ ಬಂತು: ಹೆಸರು ನಮ್ಮದಿರಲಿ, ಆದರೆ ಚೀಲ ಹೊರಲು ಗಂಡಸು ಬಂದರೂ ಕೊಡಬೇಕು. ಚೀಟಿಯಲ್ಲಿ ಪರ್ಯಾಯ ವ್ಯಕ್ತಿಯೊಬ್ಬರ ಹೆಸರಿಗೂ ಜಾಗ ಬಿಡಲಾಯಿತು. ಹೊರುವ ಮಾತು ಕಡತದಲ್ಲಿ ಕಾಣಿಸಿಕೊಂಡದ್ದು ಇಲ್ಲಿಯೇ ಮೊದಲು. ಅದರ ಅರ್ಥವನ್ನು ಯಾರೂ ಆಗ ಹಿಂಬಾಲಿಸಿ ಹೋಗಲಿಲ್ಲ.

ಸ್ಥಳದ ವಿನ್ಯಾಸದ ಬದಲಾವಣೆಗಳನ್ನು ಚಿಕ್ಕದಾಗಿ ಹೇಳಬಹುದು. ಪ್ರವೇಶ ಒಂದು ಬದಿಗೆ, ನಿರ್ಗಮನ ಎದುರು ಬದಿಗೆ. ನಡುವೆ ಜನರ ಹರಿವು ಒಂದೇ ದಿಕ್ಕಿಗೆ. ಮೇಜುಗಳು ಎರಡರಿಂದ ಆರಕ್ಕೆ. ಲೆಕ್ಕದ ಪ್ರಕಾರ ಐದು ಸಾಕಿತ್ತು, ಆರನೆಯದು ತಕರಾರಿನ ಹೆಸರುಗಳಿಗೆ, ಏಕೆಂದರೆ ಒಂದು ತಕರಾರು ಇಡೀ ಸಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿಭಾಗಕ್ಕೊಂದು ಬಣ್ಣದ ಟೋಕನ್, ಟೋಕನ್ನಿನ ಮೇಲೆ ಬರಬೇಕಾದ ಗಂಟೆ. ಕಾಯುವ ಜಾಗದಲ್ಲಿ ನೆರಳು, ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ. ಯಾರಿಗೆ ಎಷ್ಟು ಎಂಬುದನ್ನು ಓದಲು ಬಾರದವರಿಗೂ ತಿಳಿಯುವಂತೆ ಚಿತ್ರಗಳಲ್ಲಿ ತೋರಿಸಿದ ಫಲಕ. ಹೊರದಾರಿಯಲ್ಲಿ ತಕ್ಕಡಿ, ಬೇಕಾದವರು ತಮ್ಮ ಪಾಲನ್ನು ತೂಗಿ ನೋಡಿಕೊಳ್ಳಲು. ದೂರಿನ ಮೇಜನ್ನು ಮೊದಲು ವಿತರಣಾ ಮೇಜುಗಳ ಪಕ್ಕದಲ್ಲೇ ಇರಿಸಲು ಯೋಚಿಸಲಾಗಿತ್ತು; ಪಾಲು ಕೊಡುವವರ ಎದುರೇ ಅವರ ಮೇಲೆ ದೂರು ಹೇಳುವ ಧೈರ್ಯ ಯಾರಿಗಿರುತ್ತದೆ ಎಂಬ ಪ್ರಶ್ನೆ ಬಂದ ಮೇಲೆ ಅದನ್ನು ಹೊರದಾರಿಯಿಂದಲೂ ದೂರಕ್ಕೆ, ವಿತರಣೆಯಲ್ಲಿ ಭಾಗವಹಿಸದ ಇಬ್ಬರ ವಶಕ್ಕೆ ಕೊಡಲಾಯಿತು.

ಫಲಕದ ಮೇಲಿನ ಒಂದು ಸಾಲಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಈ ಸಾಮಗ್ರಿ ಸಂಪೂರ್ಣ ಉಚಿತ, ಇದಕ್ಕೆ ಪ್ರತಿಯಾಗಿ ಹಣವನ್ನಾಗಲಿ, ಕೆಲಸವನ್ನಾಗಲಿ, ಇನ್ನಾವುದನ್ನೇ ಆಗಲಿ ಕೇಳುವ ಅಧಿಕಾರ ಯಾರಿಗೂ ಇಲ್ಲ ಎಂದು ಅಲ್ಲಿ ಬರೆಯಲಾಗಿತ್ತು. ಇದು ಸೌಜನ್ಯದ ಮಾತಲ್ಲ. ಪಶ್ಚಿಮ ಆಫ್ರಿಕಾದ ನಿರಾಶ್ರಿತರ ಶಿಬಿರಗಳಲ್ಲಿ ನೆರವು ಕಾರ್ಯಕರ್ತರೇ ಪಡಿತರವನ್ನು ಲೈಂಗಿಕ ಶೋಷಣೆಯ ಸಾಧನವಾಗಿ ಬಳಸುತ್ತಿದ್ದಾರೆಂಬ ಆರೋಪಗಳು 2002ರಲ್ಲಿ ಬೆಳಕಿಗೆ ಬಂದವು. ಮರುವರ್ಷ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯವರು ಹೊರಡಿಸಿದ ಸುತ್ತೋಲೆ ಇಂಥ ವಿನಿಮಯವನ್ನು ಸ್ಪಷ್ಟವಾಗಿ ನಿಷೇಧಿಸಿತು. ವಿತರಣೆಯ ಮೇಜಿನ ಹಿಂದೆ ಕುಳಿತವರ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆ ಎಂಬುದನ್ನು ಅಲ್ಲಿ ಕುಳಿತವರು ಹಲವು ವೇಳೆ ಅರಿತಿರುವುದಿಲ್ಲ. ಮುಂದೆ ನಿಂತವರಿಗೆ ಅದು ಗೊತ್ತಿರುತ್ತದೆ.

ಎರಡನೆಯ ಸುತ್ತು, ಮನೆಭೇಟಿ

ಎರಡನೆಯ ಸುತ್ತು ಮೂರು ದಿನ, ಹೇಳಿದ ಹೊತ್ತಿಗೆ ಆರಂಭವಾಗಿ ಹೇಳಿದ ಹೊತ್ತಿಗೆ ಮುಗಿಯಿತು. ಟೋಕನ್ನಿನ ಗಂಟೆಯನ್ನು ಜನ ಮೊದಲ ದಿನ ನಂಬಲಿಲ್ಲ, ಬೆಳಿಗ್ಗೆಯೇ ಬಂದರು. ಎರಡನೆಯ ದಿನ ಅರ್ಧ ನಂಬಿದರು. ಮೂರನೆಯ ದಿನ ಬಯಲು ಬಹುಪಾಲು ಖಾಲಿಯಿದ್ದು, ಒಬ್ಬೊಬ್ಬರೂ ತಮ್ಮ ಗಂಟೆಗೆ ಬಂದು ಹೋದರು. ಗೋದಾಮಿನ ಹೊರಹೋದ ಲೆಕ್ಕವೂ ಮೇಜಿನ ಸಹಿಗಳ ಲೆಕ್ಕವೂ ಹೊಂದಿದವು. ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಇದೊಂದು ಯಶಸ್ಸಿನ ಕಥೆಯಾಗಿ ದಾಖಲಾಗುತ್ತಿತ್ತು, ಬಹುಶಃ ಹಾಗೆ ದಾಖಲಾಗಿಯೂ ಇದೆ.

ವಿತರಣೆಯಾದ ಸುಮಾರು ಹತ್ತು ದಿನಗಳ ಮೇಲೆ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಭೇಟಿ ನೀಡುವ ಕ್ರಮವನ್ನು ಸಂಸ್ಥೆ ಪಾಲಿಸಿತು. ಎಷ್ಟು ಸಿಕ್ಕಿತು, ಎಷ್ಟು ಉಳಿದಿದೆ, ಏನು ಬಳಸಿದಿರಿ ಎಂಬ ಸರಳ ಪ್ರಶ್ನೆಗಳು. ಹಲವು ಮನೆಗಳಲ್ಲಿ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಧಾನ್ಯವಿತ್ತು. ತಂಡದ ಮೊದಲ ಊಹೆ ಸಮಿತಿಯವರು ಪಾಲು ಕಿತ್ತುಕೊಳ್ಳುತ್ತಿದ್ದಾರೆ ಎಂಬುದು. ಎರಡನೆಯದು, ಜನ ಮಾರಿಕೊಳ್ಳುತ್ತಿದ್ದಾರೆ ಎಂಬುದು. ಮೊದಲನೆಯದಕ್ಕೆ ಆಧಾರ ಸಿಗಲಿಲ್ಲ. ಎರಡನೆಯದು ಸ್ವಲ್ಪ ಮಟ್ಟಿಗೆ ನಿಜವಿತ್ತು: ಕೊಟ್ಟ ಧಾನ್ಯ ಇಡಿಯಾಗಿದ್ದುದರಿಂದ ಅದನ್ನು ಬೀಸಿಸಬೇಕಿತ್ತು, ಬೀಸುವ ಕೂಲಿಗೂ ಸೌದೆಗೂ ಕೈಯಲ್ಲಿ ಕಾಸಿಲ್ಲದವರು ಧಾನ್ಯವನ್ನೇ ಕೊಟ್ಟಿದ್ದರು. ಆದರೆ ಕೊರತೆಯ ದೊಡ್ಡ ಭಾಗ ಇದರಿಂದ ವಿವರಿಸಲ್ಪಡುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ನದಿಯಾಚೆ ಒಂಟಿಯಾಗಿ ನಾಲ್ಕು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿಯ ಮಾತಿನಲ್ಲಿ. "ಕೊಟ್ಟದ್ದೆಲ್ಲ ಸಿಕ್ಕಿತು, ತಂದದ್ದು ಇಷ್ಟು" ಎಂದರು ಅವರು. ಭೇಟಿಗೆ ಹೋದವರು ಹಿಂದಿರುಗಿ ಆ ಲೆಕ್ಕ ಮಾಡಿದರು. ದಿನಕ್ಕೆ 555 ಗ್ರಾಂ, ಐದು ಜನ, ಮೂವತ್ತು ದಿನ: 83 ಕಿಲೋಗ್ರಾಂಗಿಂತ ಹೆಚ್ಚು. ಇದರಲ್ಲಿ ಧಾನ್ಯವೊಂದೇ 60 ಕಿಲೋ, ಅಂದರೆ 50 ಕಿಲೋದ ಒಂದು ಇಡೀ ಚೀಲ ಮತ್ತು ಮೇಲೆ ಹತ್ತು ಕಿಲೋ. ಈ ಭಾರವನ್ನು ಏಳೆಂಟು ಕಿಲೋಮೀಟರು ಹೊತ್ತು, ದೋಣಿ ಹತ್ತಿಸಿ, ಇಳಿಸಿ, ಮನೆ ಸೇರಿಸುವುದು ಆಕೆಗೆ ಸಾಧ್ಯವಿರಲಿಲ್ಲ. ಹೊರದ್ವಾರದ ಬಳಿ ಕೈಗಾಡಿಯವರೂ ಹೊರೆಯಾಳುಗಳೂ ಕಾದಿದ್ದರು. ದೋಣಿಯವರು ಇನ್ನೊಂದು ಕಡೆ. ಕೂಲಿ ಧಾನ್ಯದಲ್ಲೇ. ಅವರನ್ನು ದೂಷಿಸುವುದಕ್ಕೂ ಬರುವಂತಿರಲಿಲ್ಲ, ಅವರಲ್ಲಿ ಹಲವರು ಪಟ್ಟಿಯಲ್ಲಿದ್ದ ಸಂತ್ರಸ್ತರೇ. ತಲಾ ಲೆಕ್ಕದಲ್ಲಿ ನಿಖರವಾಗಿ ಸಮಾನವಾಗಿದ್ದ ಪಾಲು, ಹೊರದ್ವಾರ ದಾಟಿದ ಕೂಡಲೇ ದೂರಕ್ಕೆ ತಕ್ಕಂತೆ, ಮನೆಯಲ್ಲಿ ಗಟ್ಟಿ ತೋಳುಗಳು ಎಷ್ಟಿವೆ ಎಂಬುದಕ್ಕೆ ತಕ್ಕಂತೆ ಕರಗುತ್ತಿತ್ತು. ಹೆಚ್ಚು ಬೇಕಾದವರಿಗೇ ಕಡಿಮೆ ತಲುಪುತ್ತಿತ್ತು.

ವಾಸದ ನೆಲೆಯಿಂದ ವಿತರಣಾ ಸ್ಥಳ ಐದು ಕಿಲೋಮೀಟರಿಗಿಂತ ಹತ್ತಿರವಿರಬೇಕು ಎಂದು ಸ್ಫಿಯರ್ ಕೈಪಿಡಿಯ 2018ರ ಆವೃತ್ತಿ ಹೇಳುತ್ತದೆ. ಈ ಮಾನದಂಡ ತಂಡಕ್ಕೆ ಗೊತ್ತಿಲ್ಲದೆ ಇರಲಿಲ್ಲ. ಶಿಬಿರದಲ್ಲಿದ್ದ ಬಹುಸಂಖ್ಯೆಯ ಜನರಿಗೆ ಅದು ಪಾಲನೆಯಾಗಿಯೂ ಇತ್ತು. ಸರಾಸರಿಯಲ್ಲಿ ಸರಿಯಿದ್ದದ್ದು ಅಂಚಿನಲ್ಲಿ ತಪ್ಪಾಗಿತ್ತು, ಮತ್ತು ಅಂಚು ನದಿಯ ಆಚೆಗಿತ್ತು.

ಮನೆಭೇಟಿಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ತಂಡವನ್ನು ಹೆಚ್ಚು ಕಾಲ ಕಾಡಿತು. ಕೆಲವರು ತಮ್ಮ ಪಾಲಿನಲ್ಲಿ ಒಂದಿಷ್ಟನ್ನು ಪಟ್ಟಿಯಲ್ಲಿಲ್ಲದವರಿಗೆ ಕೊಟ್ಟಿದ್ದರು. ಆಶ್ರಯ ನೀಡಿದ ನೆಂಟರ ಮನೆಗಳು ಪ್ರವಾಹದಲ್ಲಿ ಮುಳುಗಿರಲಿಲ್ಲವಾದ್ದರಿಂದ ಅವಕ್ಕೆ ಪಡಿತರವಿರಲಿಲ್ಲ. ಆದರೆ ಒಂದು ಅಡುಗೆಮನೆಯಲ್ಲಿ ಹತ್ತು ಜನ ಉಣ್ಣುವಾಗ ಐವರ ಧಾನ್ಯವನ್ನು ಬೇರೆ ಬೇಯಿಸುವುದು ಯಾವ ಮನೆಯಲ್ಲೂ ನಡೆಯುವ ಮಾತಲ್ಲ.

ಹೊರೆ ಇಳಿಸುವ ಪ್ರಯತ್ನಗಳು

ಭಾರ ಕಡಿಮೆ ಮಾಡುವ ನೇರ ದಾರಿ ತಿಂಗಳ ಪಡಿತರವನ್ನು ಎರಡು ಕಂತಾಗಿಸುವುದು. ಐವರ ಕುಟುಂಬಕ್ಕೆ ಸುಮಾರು 42 ಕಿಲೋ ಆಗುತ್ತದೆ. ಆದರೆ ವಿತರಣೆಯ ದಿನಗಳು ಇಮ್ಮಡಿ, ಸಿಬ್ಬಂದಿಯ ವೆಚ್ಚ ಹೆಚ್ಚು, ಜನ ಎರಡು ಬಾರಿ ಕೆಲಸ ಬಿಟ್ಟು ಬರಬೇಕು. ಇದಕ್ಕೆ ಬದಲಾಗಿ ನದಿಯಾಚೆ ಒಂದು ಉಪಕೇಂದ್ರ ತೆರೆದು ಸಾಮಗ್ರಿಯನ್ನು ಸಂಸ್ಥೆಯೇ ದಾಟಿಸಿ ಕೊಡುವುದು ಮತ್ತೊಂದು ದಾರಿ. ಅಲ್ಲಿ ಮಳೆಗೆ ನೆನೆಯದ ಗೋದಾಮಿರಲಿಲ್ಲ, ರಾತ್ರಿ ಕಾವಲಿಗೆ ಭರವಸೆಯಿರಲಿಲ್ಲ. ತಂಡ ಎರಡನ್ನೂ ಬೆರೆಸಿತು. ಆಚೆ ದಡದವರಿಗೆ ಹದಿನೈದು ದಿನಕ್ಕೊಮ್ಮೆ, ಅವರ ದಡದಲ್ಲೇ, ಬೆಳಿಗ್ಗೆ ದಾಟಿಸಿದ್ದನ್ನು ಸಂಜೆಯೊಳಗೆ ಹಂಚಿ ಮುಗಿಸುವ ಷರತ್ತಿನೊಂದಿಗೆ, ಶೇಖರಣೆ ಇಲ್ಲ. ದೋಣಿಯವರಿಗೆ ಕೂಲಿಯನ್ನು ಸಂಸ್ಥೆ ಹಣದಲ್ಲಿ ಕೊಟ್ಟಿತು. ಈಚೆ ಬದಿಯಲ್ಲಿ ಒಂಟಿ ಹೆಂಗಸರು, ಮುದುಕರು, ಅಂಗವಿಕಲರಿರುವ ಮನೆಗಳ ಚೀಟಿಗೆ ಗುರುತು ಹಾಕಿ, ಹೊರದ್ವಾರದಿಂದ ಸೂರಿನವರೆಗೆ ಒಯ್ಯಲು ಕೈಗಾಡಿಯವರನ್ನೇ ದಿನಗೂಲಿಗೆ ನೇಮಿಸಿಕೊಳ್ಳಲಾಯಿತು. ಹೊರದ್ವಾರದ ಬಳಿ ಧಾನ್ಯಕ್ಕಾಗಿ ಕಾಯುತ್ತಿದ್ದವರೇ ಈಗ ಸಂಸ್ಥೆಯ ಹಾಜರಿ ಪುಸ್ತಕದಲ್ಲಿದ್ದರು.

ಚೀಲದ ಗಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. 50 ಕಿಲೋದ ಚೀಲವನ್ನು ಒಡೆದು ತಲಾ ಲೆಕ್ಕದಲ್ಲಿ ಅಳೆದು ಕೊಡುವಾಗ ಡಬ್ಬಿಯ ಅಳತೆ ಬಳಸಬೇಕಾಗುತ್ತದೆ; ಡಬ್ಬಿಯನ್ನು ತಕ್ಕಡಿಯಲ್ಲಿ ತೂಗಿ ಗುರುತು ಮಾಡಿಟ್ಟರೂ ಒಬ್ಬರು ತಲೆತುಂಬ ಅಳೆಯುತ್ತಾರೆ, ಇನ್ನೊಬ್ಬರು ಗೀಟು ಎಳೆದು ಸಮ ಮಾಡುತ್ತಾರೆ. ದಿನವಿಡೀ ಅಳೆಯುವ ಕೈ ಸಂಜೆಯ ಹೊತ್ತಿಗೆ ಬೆಳಗಿನ ಕೈಯಾಗಿರುವುದಿಲ್ಲ. ಇದನ್ನು ತಪ್ಪಿಸಲು ಒಂದು ವಿಭಾಗದಲ್ಲಿ ಗುಂಪು ವಿತರಣೆಯನ್ನು ಪ್ರಯತ್ನಿಸಲಾಯಿತು: ಕೆಲವು ಕುಟುಂಬಗಳು ಸೇರಿ ಇಡೀ ಚೀಲಗಳನ್ನು ಪಡೆದು ತಮ್ಮತಮ್ಮಲ್ಲೇ ಹಂಚಿಕೊಳ್ಳುವುದು. ಮೇಜಿನ ಸಮಯ ಬಹಳ ಉಳಿಯಿತು. ಒಂದೇ ಹಳ್ಳಿಯಿಂದ ಬಂದ, ಪರಸ್ಪರ ಬಲ್ಲ ಕುಟುಂಬಗಳಲ್ಲಿ ಇದು ಸಲೀಸಾಗಿ ನಡೆಯಿತು. ಬೇರೆ ಬೇರೆ ಕಡೆಯಿಂದ ಬಂದವರನ್ನು ಸಂಖ್ಯೆಗಾಗಿ ಒಟ್ಟುಗೂಡಿಸಿದ ಗುಂಪುಗಳಲ್ಲಿ ಚಿಕ್ಕ ಕುಟುಂಬಗಳಿಗೆ ತಳದ ಧಾನ್ಯ ಉಳಿಯಿತು, ಮತ್ತು ಅವರು ದೂರಿನ ಮೇಜಿಗೂ ಬರಲಿಲ್ಲ. ಮನೆಭೇಟಿಯಲ್ಲಿ ಮಾತ್ರ ವಿಷಯ ತಿಳಿಯಿತು. ಗುಂಪನ್ನು ಜನರೇ ಕಟ್ಟಿಕೊಂಡ ಕಡೆ ಕ್ರಮವನ್ನು ಉಳಿಸಿ, ಉಳಿದೆಡೆ ಕೈಬಿಡಲಾಯಿತು. ಮುಂದಿನ ಖರೀದಿಯಲ್ಲಿ 25 ಕಿಲೋದ ಚೀಲಗಳನ್ನು ಕೇಳಲಾಯಿತು. ಹೊರುವವರ ಬೆನ್ನಿಗೂ ಅಳೆಯುವವರ ಕೈಗೂ ಅದೊಂದು ಬದಲಾವಣೆ ಮಾಡಿದಷ್ಟು ಉಪಕಾರವನ್ನು ಬೇರೆ ಯಾವ ಸುಧಾರಣೆಯೂ ಮಾಡಲಿಲ್ಲ ಎಂಬುದು ಗೋದಾಮಿನ ಉಸ್ತುವಾರಿಯವರ ಅಭಿಪ್ರಾಯ.

ಧಾನ್ಯದ ಬದಲು ಹಣವನ್ನೇ ಕೊಡಬಾರದೇಕೆ ಎಂಬ ಪ್ರಶ್ನೆ ಈ ಘಟ್ಟದಲ್ಲಿ ಸಹಜವಾಗಿ ಬಂತು. ರಸ್ತೆ ಕಡಿದಿದ್ದು ಮಾರುಕಟ್ಟೆಗೆ ಸರಕೇ ಬರದಿದ್ದಾಗ ಹಣ ಹಂಚಿದರೆ ಇರುವ ಸರಕಿನ ಬೆಲೆ ಏರುವುದಷ್ಟೇ ಫಲ. ಹಾಗಾಗಿ ರಸ್ತೆ ತೆರೆಯುವವರೆಗೆ ಕಾಯಲಾಯಿತು. ಬೀಸುವ ಕೂಲಿಗೆ ಮಾತ್ರ ಸಣ್ಣ ಮೊತ್ತವನ್ನು ಮೊದಲೇ ಆರಂಭಿಸಲಾಯಿತು.

ಫಲಿತಾಂಶ ಮತ್ತು ಉಳಿದ ಪ್ರಶ್ನೆಗಳು

ಮೂರನೆಯ ಸುತ್ತಿನ ನಂತರದ ಮನೆಭೇಟಿಯಲ್ಲಿ ಹೊರುವ ಕೂಲಿಗೆ ಧಾನ್ಯ ಕೊಟ್ಟೆವೆಂದು ಹೇಳಿದವರು ವಿರಳವಾಗಿದ್ದರು. ವಿತರಣೆಯ ವೆಚ್ಚ ಏರಿತು. ದೈನಂದಿನ ನಮೂನೆಯ ಸಂಖ್ಯೆ ಎರಡನೆಯ ಸುತ್ತಿಗಿಂತ ಕೆಳಗಿಳಿಯಿತು. ಸಂಖ್ಯೆ ಇಳಿದದ್ದರ ಬಗ್ಗೆ ವಿವರಣೆ ಕೇಳಿದ ಪತ್ರಕ್ಕೆ ಕ್ಷೇತ್ರದ ತಂಡ ತೂಕದ ಲೆಕ್ಕವನ್ನೇ ಉತ್ತರವಾಗಿ ಕಳಿಸಿತು. ಈ ಪ್ರಕರಣವನ್ನು ಓದುವವರು ಬೇರೆ ಕಡೆ ಅನ್ವಯಿಸಬಹುದಾದ ಒಂದು ಅಭ್ಯಾಸವಿದ್ದರೆ ಅದು ಇದೇ: ಪಡಿತರದ ಪ್ರಮಾಣ ನಿಗದಿಯಾದ ದಿನವೇ ಅದನ್ನು ಒಂದು ಕುಟುಂಬದ ಹೊರೆಯಾಗಿ, ಕಿಲೋಗ್ರಾಂ ಮತ್ತು ಕಿಲೋಮೀಟರುಗಳಲ್ಲಿ ಬರೆದು ನೋಡುವುದು, ಅದೂ ಸರಾಸರಿ ಕುಟುಂಬಕ್ಕಲ್ಲ, ಪಟ್ಟಿಯಲ್ಲಿರುವ ಅತ್ಯಂತ ದೂರದ, ಅತ್ಯಂತ ದುರ್ಬಲ ಮನೆಗೆ. ಮೇಜಿಗೆ ಎರಡು ನಿಮಿಷ ಎಂಬ ಲೆಕ್ಕದಷ್ಟೇ ಸರಳವಾದ ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಸಾಲಿನ ಗದ್ದಲ ಕಣ್ಣಿಗೆ ಕಾಣುವುದರಿಂದ ಅದಕ್ಕೆ ಪರಿಹಾರವೂ ಬೇಗ ಸಿಗುತ್ತದೆ. ಹೊರದ್ವಾರದಾಚೆ ನಡೆಯುವ ನಷ್ಟಕ್ಕೆ ಗದ್ದಲವಿಲ್ಲ, ಹಾಗಾಗಿ ಹುಡುಕಿಕೊಂಡು ಹೋಗದೆ ಅದು ಸಿಗುವುದಿಲ್ಲ.

ನೆಂಟರ ಮನೆಗಳ ಪ್ರಶ್ನೆ ಪೂರ್ತಿ ಬಗೆಹರಿಯಲಿಲ್ಲ. ರೆಡ್‌ಕ್ರಾಸ್ ಚಳವಳಿ ಹಾಗೂ ಸ್ವಯಂಸೇವಾ ಸಂಸ್ಥೆಗಳ 1994ರ ನಡವಳಿಕೆ ಸಂಹಿತೆ ನೆರವಿನ ಆದ್ಯತೆಯನ್ನು ಅಗತ್ಯವೊಂದರ ಆಧಾರದಲ್ಲೇ ನಿರ್ಧರಿಸಬೇಕೆನ್ನುತ್ತದೆ. ಆ ಮಾತಿನಂತೆ ನಡೆದರೆ ಮುಳುಗದಿದ್ದರೂ ಬರಿದಾದ ಮನೆಯನ್ನು ಬಿಡುವಂತಿರಲಿಲ್ಲ. ಆದರೆ ಅವರನ್ನು ಸೇರಿಸಿದರೆ ಪಟ್ಟಿ ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಎಳೆಯುವವರು ಯಾರು ಎಂಬುದಕ್ಕೆ ಆಡಳಿತದವರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಆಶ್ರಯ ಕೊಟ್ಟ ಮನೆಗಳಿಗೆ ಪಡಿತರದ ಬದಲು ನೀರಿನ ಕ್ಯಾನು, ಸೋಪು, ತಾರ್ಪಾಲು ಕೊಡುವ ನಡುದಾರಿ ಹಿಡಿಯಲಾಯಿತು. ಅದನ್ನು ನ್ಯಾಯವೆಂದು ಒಪ್ಪಿದವರು ಕಡಿಮೆ, ಏನೂ ಕೊಡದಿರುವುದಕ್ಕಿಂತ ಮೇಲು ಎಂದವರು ಹೆಚ್ಚು.

ತಾತ್ಕಾಲಿಕ ಸೇತುವೆಯಾದ ಮೇಲೆ ಹದಿನೈದು ದಿನದ ಕಂತನ್ನು ಎಲ್ಲರಿಗೂ ವಿಸ್ತರಿಸಲು ಸಂಸ್ಥೆ ಸಿದ್ಧವಾಯಿತು. ಶಿಬಿರದ ಸಭೆಗಳಲ್ಲಿ ಇದಕ್ಕೆ ಅನಿರೀಕ್ಷಿತ ವಿರೋಧ ಬಂತು. ಹತ್ತಿರದ ವಿಭಾಗಗಳವರು ಆ ಹೊತ್ತಿಗೆ ಕೂಲಿ ಕೆಲಸಕ್ಕೆ ಹೋಗತೊಡಗಿದ್ದರು. ತಿಂಗಳಲ್ಲಿ ಎರಡು ದಿನದ ಕೂಲಿ ಕಳೆದುಕೊಳ್ಳುವುದಕ್ಕಿಂತ ಒಂದು ದಿನ ಹೆಚ್ಚು ಹೊರುವುದೇ ಅವರಿಗೆ ಲೇಸೆನಿಸಿತು. ದೂರದವರಿಗೆ ಎರಡು ಕಂತೇ ಬೇಕಿತ್ತು. ಹಾಗಾಗಿ ಹತ್ತಿರದ ವಿಭಾಗಗಳಿಗೆ ತಿಂಗಳಿಗೊಮ್ಮೆ, ದೂರದವಕ್ಕೆ ಎರಡು ಬಾರಿ ಎಂಬ ಮಿಶ್ರ ವೇಳಾಪಟ್ಟಿ ಜಾರಿಗೆ ಬಂತು. ಎರಡು ಬಗೆಯ ಪಾಲು, ಎರಡು ಬಗೆಯ ಚೀಟಿ, ಒಂದೇ ದಾಸ್ತಾನು ಪುಸ್ತಕ. ಗೋದಾಮಿನ ಗುಮಾಸ್ತರು ಇದನ್ನು ಲಿಖಿತವಾಗಿಯೇ ಆಕ್ಷೇಪಿಸಿದರು. ಅವರಿಗೆ ಸಹಾಯಕರೊಬ್ಬರನ್ನು ಕೊಟ್ಟು, ವೇಳಾಪಟ್ಟಿಯನ್ನು ಜನ ಕೇಳಿದಂತೆಯೇ ಉಳಿಸಲಾಯಿತು.